ಪಟಪಟ ಎದೆಯವರ ಸೊಪ್ಪಿನ ಗಾಡಿ

ಡೋನ್‌ಕೈ ಊರಿನ ಭಿಕ್ಷುಗಳು ಪಾತ್ರೆ ಹಿಡಿದು ಬೀದಿಗಿಳಿಯುವ ಹೊತ್ತಿಗೆ ಲಂಪೈ ದೊಡ್ಡಮ್ಮನ ಗಾಡಿ ಸಿದ್ಧವಾಗಿರುತ್ತದೆ. ಮೋಟರ್‌ಸೈಕಲ್ಲಿನ ಪಕ್ಕಕ್ಕೆ ಜೋಡಿಸಿದ ತಗಡಿನ ತೊಟ್ಟಿ, ಅದರ ಮೇಲೊಂದು ಕಬ್ಬಿಣದ ಚೌಕಟ್ಟು, ಚೌಕಟ್ಟಿನ ತುಂಬ ನೇತಾಡುವ ಚೀಲಗಳು. ಸೀಗೆಕುಡಿ, ಸಾಸಿವೆ ಸೊಪ್ಪು, ಹಸಿ ಪರಂಗಿ, ಕೆರೆಯ ಮೀನು. ಹೊರಡುವ ಮುನ್ನ ಎರಡು ಕೆಲಸ ಮಾತ್ರ ಬಾಕಿ. ಮೊದಲನೆಯದು, ಹಬೆಯಾಡುವ ಅಂಟಕ್ಕಿ ಅನ್ನದ ತುತ್ತನ್ನು ಭಿಕ್ಷುಗಳ ಪಾತ್ರೆಗೆ ಹಾಕಿ ಕೈಮುಗಿಯುವುದು. ಎರಡನೆಯದು, ಎಡ ಮುಂಗೈಯ ಹರಕೆಯ ಬಿಳಿ ದಾರಗಳನ್ನು ಮೇಲಕ್ಕೆ ಸರಿಸಿ, ಮೂರು ಬೆರಳಿಟ್ಟು, ಪೂರ್ತಿ ಒಂದು ನಿಮಿಷ ತಮ್ಮ ನಾಡಿ ತಾವೇ ಎಣಿಸುವುದು.

"ಎಂಬತ್ತೆರಡು," ಅನ್ನುತ್ತಾರೆ. "ತಾಳ ತಪ್ಪಿದೆ, ಆದ್ರೆ ಓಡ್ತಾ ಇಲ್ಲ. ಇವತ್ತು ನಾನೂ ಅದೂ ರಾಜಿ."

ಅರವತ್ತಮೂರರ ಲಂಪೈಗೆ ಆರು ವರ್ಷದಿಂದ ಈ ಎದೆಯ ಜೊತೆ ಸಂಸಾರ. ಸಂತೆಯಲ್ಲಿ ಬುಟ್ಟಿ ಎತ್ತುವಾಗ ಒಂದು ಸಲ ಎದೆಯೊಳಗೆ ಗಾಳಿಗೆ ಸಿಕ್ಕ ಬಾವುಟದಂತೆ ಏನೋ ಬಡಿದುಕೊಂಡಿತು, ಕಣ್ಣು ಕತ್ತಲಿಟ್ಟಿತು. ಆಸ್ಪತ್ರೆಯವರು ಏಟ್ರಿಯಲ್ ಫಿಬ್ರಿಲೇಶನ್ ಎಂದರು. ಊರವರ ಬಾಯಲ್ಲಿ ಅದು 'ಪಟಪಟ ಎದೆ' ಆಯಿತು. ಇಂಥ ಎದೆಯಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಅರ್ಧ ಮೈ ಬಿದ್ದುಹೋಗಬಹುದು. ಅದಕ್ಕೇ ರಕ್ತ ತೆಳುವಾಗಿಸುವ ಮಾತ್ರೆ. ಆ ಮಾತ್ರೆಗೂ ಸೊಪ್ಪಿಗೂ ಅಷ್ಟಾಗಿ ಆಗಿಬರದು, ಸೊಪ್ಪಿನ ವಿಷಯದಲ್ಲಿ ಜೋಪಾನ ಎಂದಿದ್ದರು ದಾದಿ.

"ಜೋಪಾನ ಅಂದಿದ್ದೇ ತಡ, ಸೊಪ್ಪನ್ನೇ ಬಿಟ್ಟೆ! ಹೊತ್ತು ಹುಟ್ಟಿದ್ರೆ ಸೊಪ್ಪು ಮಾರೋಳು ನಾನು, ಅದನ್ನ ಮುಟ್ಟೋಕೂ ಹೆದರ್ಕೊಂಡು ಕೂತೆ. ಸೊಪ್ಪು ನಿಂತಿದ್ದಕ್ಕೆ ಮಾತ್ರೆ ಬಲ ಏರಿ, ರಕ್ತ ನೀರಾಗಿ ಒಸಡಿಂದ ಸೋರೋಕೆ ಶುರುವಾಯ್ತು." ಆಸ್ಪತ್ರೆಯ ಬೆಂಚಿನ ಮೇಲೆ ಅಳುತ್ತ ಕೂತಿದ್ದಾಗ ಪಕ್ಕದಲ್ಲಿದ್ದ ಹೆಂಗಸು ಇವರ ಮೊಣಕಾಲು ತಟ್ಟಿ, ನಂಗೂ ಹಿಂಗೇ ಆಗಿತ್ತು, ಬಿಡಬೇಡ, ದಿನಾ ಒಂದೇ ಅಳತೆ ತಿನ್ನು ಎಂದಳಂತೆ. ಅವಳ ಹೆಸರು ಕೇಳುವಷ್ಟರಲ್ಲಿ ಒಳಗಿಂದ ಅವಳನ್ನು ಕರೆದರು. "ಡಾಕ್ಟರೂ ಅದನ್ನೇ ಹೇಳಿರ್ತಾರೆ. ಆದ್ರೆ 'ನಂಗೂ' ಅನ್ನೋದು ಅವರ ಕೈಲಾಗಲ್ವಲ್ಲ."

ಅಂದಿನಿಂದ ಗಾಡಿಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ದಿನಕ್ಕೆ ನಾಲ್ಕು ಊರು, ಇಪ್ಪತ್ತೆರಡು ಕಿಲೋಮೀಟರು, ಎಪ್ಪತ್ತರ ಆಸುಪಾಸು ಮನೆ. ಅದರಲ್ಲಿ ಹನ್ನೊಂದು ಮನೆ ಪಟಪಟ ಎದೆಯವರದು. ಯಾರು ಎಷ್ಟು ಕಟ್ಟು ಸೊಪ್ಪು ಕೊಳ್ಳುತ್ತಾರೆಂಬುದು ದೊಡ್ಡಮ್ಮನಿಗೆ ಬಾಯಿಪಾಠ. ಕ್ಷೌರಿಕ ಪ್ರಯೂನ್ ಸೀಗೆಕುಡಿಯ ಎರಡನೇ ಕಟ್ಟಿಗೆ ಕೈಹಾಕಿದರೆ ಆ ಕೈಯ ಮೇಲೊಂದು ಏಟು ಬೀಳುತ್ತದೆ.

"ನೆಂಟರು ಬಂದಿದ್ದಾರೆ ದೊಡ್ಡಮ್ಮ!"

"ನೆಂಟರು ಬಂದು ನನ್ನ ಹತ್ರಾನೇ ಕೊಳ್ಳಲಿ. ನಿನ್ನ ಪಾಲು ಒಂದೇ ಕಟ್ಟು."

"ಇಷ್ಟು ಕಡಿಮೆ ಮಾರಿ ಬದುಕೋ ವ್ಯಾಪಾರಿನ ನಾನು ನೋಡೇ ಇಲ್ಲ."

"ಬದುಕಿದ್ರೆ ನಾಳೆಯೂ ಕೊಳ್ತೀಯಲ್ಲ, ಅದೇ ಲಾಭ. ತಾ ಕೈ, ನಾಡಿ ನೋಡೋಣ."

ಮಾತ್ರೆ ಎಷ್ಟು ಎಂದು ಮಾತ್ರ ಅವರು ಎಂದೂ ಹೇಳುವುದಿಲ್ಲ. ಅದು ದಾದಿಯ ಕೆಲಸ, ಹೆದರಿಕೆ ಹಂಚಿಕೊಳ್ಳೋದಷ್ಟೇ ನಮ್ಮದು ಅನ್ನುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗಳಂದು ಬರುವ ಉಪೋಸಥ ವ್ರತದ ದಿನಗಳಲ್ಲಿ ವಿಹಾರದ ಜಗಲಿಯಲ್ಲಿ, ಧರ್ಮೋಪದೇಶ ಮುಗಿದ ಮೇಲೆ, ಹನ್ನೊಂದು ಮಂದಿ ಸುತ್ತ ಕೂತು ಒಬ್ಬರ ಕೈ ಇನ್ನೊಬ್ಬರು ಹಿಡಿದು ಎಣಿಸುತ್ತಾರೆ.

ಹನ್ನೆರಡನೆಯವರು ಬರದೇ ಉಳಿದಿದ್ದರು. ಎಪ್ಪತ್ತೊಂದರ ಖಾಂತನ್. ಬಿದಿರು ಸೀಳಿ ಅನ್ನದ ಬುತ್ತಿಬುಟ್ಟಿ ಹೆಣೆಯುವ ಕೈ ಅವರದು. ಆರು ತಿಂಗಳ ಹಿಂದೆ ಎದೆ ಪಟಪಟಿಸಿತು. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲವೆಂದು ಕೇಳಿದ್ದೇ ಕತ್ತಿ ಕೆಳಗಿಟ್ಟು ಜಗಲಿಯಲ್ಲಿ ಕೂತುಬಿಟ್ಟರು. ಎರಡು ಸಲ ರಕ್ತ ಪರೀಕ್ಷೆಯಾದರೂ ಮಾತ್ರೆ ಹತ್ತಿದ ಗುರುತೇ ಇಲ್ಲ. ಹೆಪ್ಪಿನ ಭಯ ಹಾಗೇ ಉಳಿದಿತ್ತು.

ಒಂದು ಶನಿವಾರ ದೊಡ್ಡಮ್ಮ ಗಾಡಿ ನಿಲ್ಲಿಸಿದಾಗ ಅವರ ಹೆಂಡತಿ ಬುವಾಫನ್ ಒಳಗಿನಿಂದಲೇ ಕೂಗಿದರು: "ಬಾ ಲಂಪೈ, ಮಾತಾಡ್ಸು. ಮನೆಗೆ ಒಂದು ಕಂಬ ಸಾಲದಿತ್ತು, ಈಗ ಸಿಕ್ಕಿದೆ."

ಕಂಬ ನೇರಳೆ ಅಂಗಿ ತೊಟ್ಟು ಕೂತಿತ್ತು. ಇಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಬಣ್ಣ. ಸೋಮವಾರಕ್ಕೆ ಹಳದಿ, ಮಂಗಳವಾರಕ್ಕೆ ಗುಲಾಬಿ, ಬುಧವಾರಕ್ಕೆ ಹಸಿರು, ಗುರುವಾರಕ್ಕೆ ಕಿತ್ತಳೆ, ಶುಕ್ರವಾರಕ್ಕೆ ನೀಲಿ, ಶನಿವಾರಕ್ಕೆ ನೇರಳೆ. ಹಳಬರು ಅಂಗಿಯನ್ನೂ ಅದೇ ಲೆಕ್ಕದಲ್ಲಿ ತೊಡುತ್ತಾರೆ.

"ಅಣ್ಣ, ಇವತ್ತಿನ ಮಾತ್ರೆ ಆಯ್ತಾ?"

"ಇವತ್ತು ಶನಿವಾರ ಅಲ್ವೇನೇ? ನೇರಳೆ ಮಾತ್ರೆ ಕೊಟ್ಟಿಲ್ಲವಲ್ಲ ಅವರು."

ದೊಡ್ಡಮ್ಮನ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಅಲ್ಲೇ ನಿಂತಿತು. "ಮತ್ತೆ ಕೊಟ್ಟಿದ್ದು?"

"ಕಿತ್ತಳೆ, ನೀಲಿ, ಎರಡೇ. ಗುರುವಾರ ಒಂದು, ಶುಕ್ರವಾರ ಒಂದು. ಬಡ ಆಸ್ಪತ್ರೆ, ಇದ್ದ ಬಣ್ಣ ಕೊಡ್ತಾರೆ ಅಂದ್ಕೊಂಡೆ. ದಾದಿಯಮ್ಮ ಪ್ರತಿ ಸಲ ಕೇಳ್ತಾಳೆ, ದಿನಕ್ಕೆ ತಕ್ಕ ಹಾಗೆ ತಗೋತೀರಾ ಅಂತ. ಒಂದು ವಾರವೂ ತಪ್ಪಿಸಿಲ್ಲಮ್ಮ, ದಿನಕ್ಕೆ ತಕ್ಕ ಹಾಗೇ ಅಂತೀನಿ."

ಕಿತ್ತಳೆ ಮಾತ್ರೆ ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ಒಂದು, ನೀಲಿ ಶನಿವಾರ ಭಾನುವಾರಕ್ಕೆ. ಲಕೋಟೆಯ ಮೇಲೆ ಬರೆದದ್ದು ಹಾಗೆ. ಕಣ್ಣು ಮಂಜಾದ ಖಾಂತನ್ ಓದಿದ್ದು ಬಣ್ಣವನ್ನು ಮಾತ್ರ. ದೊಡ್ಡಮ್ಮ ಆ ಜಗಲಿಯಿಂದಲೇ ದಾದಿಗೆ ಫೋನು ಮಾಡಿದರು. ಆ ಕಡೆಯಿಂದ ದಾದಿ, "ಅಯ್ಯೋ, ಮುಂದಿನ ಸಲ ಇನ್ನೂ ಜೋರು ಮಾತ್ರೆ ಕೊಡಬೇಕು ಅಂತ ಡಾಕ್ಟರು ಬರೆದಿಟ್ಟಿದ್ದಾರೆ. ಇವತ್ತಿನ ನೀಲಿ ತಗೊಳ್ಳಲಿ, ಸೋಮವಾರ ಕರ್ಕೊಂಡು ಬನ್ನಿ."

ಮಾತ್ರೆ ಸರಿಹೋಯಿತು. ಆದರೆ ಖಾಂತನ್ ಇನ್ನೂ ಒಳಗೊಳಗೇ ಮುದುಡಿಕೊಂಡರು. ವಿಹಾರದ ಜಗಲಿಗೆ ಬಾ ಅಣ್ಣ ಎಂದು ಕರೆದರೆ, "ಯಾಕೆ? ನನ್ನ ದಡ್ಡತನಕ್ಕೆ ಊರೆಲ್ಲ ನಗಲಿ ಅಂತಾನಾ?" ಎಂದರು.

"ನಗ್ತಾರೆ, ಸುಳ್ಳು ಯಾಕೆ ಹೇಳಲಿ? ಸೊಪ್ಪಿನವಳು ಸೊಪ್ಪು ಬಿಟ್ಟ ಕಥೆಗೆ ಆರು ವರ್ಷದಿಂದ ನಗ್ತಾ ಇದ್ದಾರೆ. ಇನ್ನು ನೀನು ಸ್ವಲ್ಪ ದಿನ ಹೊತ್ಕೋ, ನಂಗೂ ಬೆನ್ನು ನೋವು."

ಬುವಾಫನ್ ಒಳಗೆ ಕಿಸಕ್ಕನೆ ನಕ್ಕರು. ಖಾಂತನ್ ನಗಲಿಲ್ಲ; ಬರುತ್ತೇನೆಂದೂ ಹೇಳಲಿಲ್ಲ.

ಹುಣ್ಣಿಮೆಯ ಉಪೋಸಥ. ಧರ್ಮೋಪದೇಶ ಮುಗಿದು, ಧೂಪದ ಹೊಗೆ ಇನ್ನೂ ತೊಲೆಗಳ ಕೆಳಗೆ ತೂಗುತ್ತಿದೆ. ಜಗಲಿಯಲ್ಲಿ ಚಾಪೆ ಹಾಸಿದೆ. ಖಾಂತನ್ ಬಂದಿದ್ದಾರೆ. ಎಲ್ಲರಿಗಿಂತ ಹಿಂದೆ ಕೂತಿದ್ದಾರೆ. ಈಚಿನ ರಕ್ತ ಪರೀಕ್ಷೆ ಹೆಚ್ಚುಕಡಿಮೆ ಹದಕ್ಕೆ ಬಂದಿದೆ, ದಪ್ಪ ಚರ್ಮದ ಬೆರಳುಚೀಲ ಹಾಕಿಕೊಂಡು ಮತ್ತೆ ಬಿದಿರು ಸೀಳುತ್ತಿದ್ದಾರೆ ಎಂದು ಬುವಾಫನ್ ವರದಿ ಒಪ್ಪಿಸುತ್ತಾರೆ. "ನೀನು ಸುಮ್ನಿರು, ನಾನೇ ಹೇಳ್ತೀನಿ," ಎಂದು ಖಾಂತನ್ ಗಂಟಲು ಸರಿಮಾಡಿಕೊಳ್ಳುತ್ತಾರೆ. ಗುರುವಾರದ ಕಿತ್ತಳೆ, ಶುಕ್ರವಾರದ ನೀಲಿ, ಒಂದನ್ನೂ ಬಿಡದೆ ಹೇಳುತ್ತಾರೆ. ಜಗಲಿ ನಗೆಯಿಂದ ಅದುರುತ್ತದೆ. ಪ್ರಯೂನ್ ಕಣ್ಣೊರೆಸಿಕೊಂಡು, "ಬುಧವಾರಕ್ಕೆ ಹಸಿರು ಮಾತ್ರೆ ಸಿಗದೆ ಸೀಗೆಕುಡಿ ನುಂಗಿದೆಯಾ ಮಾವ?" ಅನ್ನುತ್ತಾನೆ. ಖಾಂತನ್ ಕೂಡ ನಗುತ್ತಾರೆ.

ನಗದೇ ಕೂತವಳು ಒಬ್ಬಳೇ. ಪಕ್ಕದೂರಿನಿಂದ ಮೊದಲ ಸಲ ಬಂದ ನೇಕಾರಗಿತ್ತಿ ವಿಲೈ. ಸೆರಗಿನ ತುದಿ ಹಿಂಡುತ್ತ ಮೆಲ್ಲಗೆ ಕೇಳುತ್ತಾಳೆ: "ಹಂಗಾದ್ರೆ... ಗುಲಾಬಿ ಮಾತ್ರೆ ಮಂಗಳವಾರಕ್ಕೆ ಅಲ್ವಾ?"

ನಗೆ ತಟ್ಟನೆ ನಿಲ್ಲುತ್ತದೆ. ಎದ್ದು ಅವಳ ಬಳಿಗೆ ಹೋಗಬೇಕೆಂದು ಲಂಪೈ ದೊಡ್ಡಮ್ಮ ನೆಲಕ್ಕೆ ಕೈಯೂರುತ್ತಾರೆ. ಅಷ್ಟರಲ್ಲಿ ಖಾಂತನ್ ಮೊಣಕಾಲಿನ ಮೇಲೆ ಸರಿಯುತ್ತ ಅವಳ ಪಕ್ಕ ತಲುಪಿಯಾಗಿದೆ. "ಲಕೋಟೆ ತಂದಿದ್ದೀಯಾ ತಂಗಿ? ತೆಗಿ, ಯಾರಾದ್ರೂ ಕಣ್ಣು ಕಾಣೋರು ಓದಲಿ. ಆಮೇಲೆ ದಾದಿಯಮ್ಮಂಗೆ ಫೋನು ಮಾಡೋಣ. ಬೈಯಲ್ಲ ಅವಳು, ನಾನು ಕಂಡಿದ್ದೀನಿ."

ದೊಡ್ಡಮ್ಮ ಊರಿದ ಕೈ ತೆಗೆದು, ಕಾಲು ಚಾಚಿ, ಕಂಬಕ್ಕೆ ಒರಗುತ್ತಾರೆ. ಇನ್ನೇನು ಬೇಕು ನಿಮಗೆ ಎಂದು ಪಕ್ಕದವರು ಕೇಳಿದರೆ, ಖಾಂತನ್ ಕಡೆ ಕೈ ತೋರಿಸುತ್ತಾರೆ.

"ಹಿಂಗೇ ಇವರಿವರೇ ಮಾತಾಡ್ಕೊಳ್ತಾ ಇರಲಿ. ನಾನು ಒಂದು ದಿನ ಬರೀ ಸೊಪ್ಪು ಮಾರ್ಕೊಂಡು ಮನೆಗೆ ಹೋಗ್ಬೇಕು. ಅಷ್ಟೇ."