ಅಳಿಯ ಕೊಟ್ಟ ಓಟ

ರೈಲು ನಿಲ್ದಾಣದಲ್ಲಿ ಜೀವಮಾನವೆಲ್ಲ ಗಾಡಿಗಳ ವೇಳೆ ಕೂಗಿ ನಿವೃತ್ತರಾದ ಅನೌನ್ಸರ್‌ಗೆ, ಪ್ರತಿ ಮಾತನ್ನೂ ಎರಡು ಸಲ ಹೇಳುವ ಚಟ ಮನೆಯಲ್ಲೂ ಬಿಟ್ಟುಹೋಗಿರಲಿಲ್ಲ. "ಉಪ್ಪು ಕಡಿಮೆಯಾಗಿದೆ. ಮತ್ತೊಮ್ಮೆ, ಉಪ್ಪು ಕಡಿಮೆಯಾಗಿದೆ" ಎಂದರೆ ಹೆಂಡತಿ, "ಮೊದಲ್ನೇ ಸಲಾನೇ ಕೇಳಿಸ್ತು, ಡಬ್ಬಿ ನಿಮ್ಮ ಕೈಹತ್ರಾನೇ ಇದೆ" ಎನ್ನುತ್ತಿದ್ದರು. ಖಾಲಿ ಕೂತಿದ್ದ ಆ ಗಂಟಲಿಗೆ ಅಂಧರ ಗ್ರಂಥಾಲಯ ಒಂದು ಕೆಲಸ ಕೊಟ್ಟಿತು: ಪತ್ತೇದಾರಿ ಕಾದಂಬರಿಯೊಂದನ್ನು ಮನೆಯಲ್ಲೇ ಓದಿ, ಧ್ವನಿಮುದ್ರಿಸಿ ಕಳಿಸುವುದು. ಅನೌನ್ಸರ್ ಮತ್ತೆ ಬೆಳಗ್ಗೆ ಬೆಳಗ್ಗೆ ಶೇವ್ ಮಾಡಿಕೊಳ್ಳತೊಡಗಿದರು.

ತಾನು ಬಳಸುತ್ತಿದ್ದ ಕಂಪ್ಯೂಟರ್ ಕೊಟ್ಟವನು ಅಳಿಯ. ಸುಮ್ಮನೆ ಕೊಡಲಿಲ್ಲ, ಒಳಗಿನ ಸೆಟ್ಟಿಂಗ್ ತಿದ್ದಿ, ತಯಾರಿಸಿದವರು ಇಟ್ಟಿದ್ದಕ್ಕಿಂತ ಹೆಚ್ಚಿನ ವೇಗಕ್ಕೆ ಏರಿಸಿ ಕೊಟ್ಟ. "ಇದಕ್ಕೆ ಓವರ್‌ಕ್ಲಾಕ್ ಅಂತಾರೆ ಮಾವ. ಬಾಣದ ಹಾಗೆ ಓಡುತ್ತೆ." ಗಾಜಿನ ಪೆಟ್ಟಿಗೆಯೊಳಗೆ ಫ್ಯಾನುಗಳು ಬಣ್ಣದ ದೀಪ ಹಚ್ಚಿಕೊಂಡು ಗಿರಗಿರ ತಿರುಗಿದವು. ಅನೌನ್ಸರ್ ಓದುವ ವೇಗ ಮಾತ್ರ ಹಳೇ ಪ್ಯಾಸೆಂಜರ್ ಗಾಡಿಯದ್ದೇ.

ಕಾಟ ಕೊಟ್ಟದ್ದು ಯುಎಸ್‌ಬಿ ಮೈಕು. ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಟುಂಯ್ ಎಂದು ಸಂಪರ್ಕ ಕಡಿದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ, ಏನೂ ಆಗಿಲ್ಲವೆಂಬಂತೆ ವಾಪಸು ಬರುತ್ತಿತ್ತು. ಗ್ರಂಥಾಲಯದ ಮೇಡಂ ಫೋನ್ ಮಾಡಿದರು. "ಸಾರ್, 'ಬಾಗಿಲ ಹಿಂದೆ ನಿಂತಿದ್ದವನು' ಅಂದ್ರಿ, ಆಮೇಲೆ ಸದ್ದೇ ಇಲ್ಲ. ಯಾರದು ಅಂತ ನಮ್ಮೋರು ಜಗಳಾಡ್ತಿದಾರೆ. ಶನಿವಾರ ಕೊನೇ ಅಧ್ಯಾಯ ರೆಕಾರ್ಡಿಂಗ್ ಅಲ್ಲ, ಇಲ್ಲಿ ಎಲ್ರೂ ಕೂತು ಕೇಳೋ ಹಾಗೆ ಮನೆಯಿಂದ್ಲೇ ಲೈವ್ ಆಗಿ ಓದ್ಬೇಕು. ಅವತ್ತೂ ಹಿಂಗಾದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಅನೌನ್ಸರ್ ತಂತಿ ಬದಲಾಯಿಸಿದರು. ಮುಂದಿನ ತೂತಿನಿಂದ ಕಿತ್ತು ಹಿಂದಿನ ತೂತಿಗೆ ಸಿಕ್ಕಿಸಿದರು. ಮೈಕನ್ನು ಬಿಸಿಲಿಗಿಟ್ಟರು. ಕೊನೆಗೆ ಅನುಮಾನ ಅಡುಗೆಮನೆಯ ಮಿಕ್ಸಿಯ ಮೇಲೆ ಹೋಯಿತು. ಹೆಂಡತಿ ಒಂದಿಡೀ ದಿನ ರುಬ್ಬಲಿಲ್ಲ. ಆದರೂ ಮೈಕು ಟುಂಯ್ ಎಂದಿತು.

"ನನ್ನ ಮಿಕ್ಸಿಗೆ ಕ್ಷಮೆ ಕೇಳಿ," ಎಂದರು ಹೆಂಡತಿ. "ಎರಡು ಸಲ."

ಮಗಳು ಫೋನಿನಲ್ಲಿ ಪಿಸುಗುಟ್ಟಿದಳು: "ಅಪ್ಪಾ, ವೇಗ ಏರಿಸಿರೋದಕ್ಕೇ ಯುಎಸ್‌ಬಿ ಹೆಜ್ಜೆ ತಪ್ತಿರಬಹುದು. ಮೊದಲಿನ ಹಾಗೆ ಇಳಿಸಿ ನೋಡಿ. ನಾನು ಹೇಳ್ದೆ ಅಂತ ಅವರ ಹತ್ರ ಹೇಳ್ಬೇಡಿ, ಆಯ್ತಾ?"

ಅವಳು ಹೇಳಿಕೊಟ್ಟಂತೆ ಸೆಟ್ಟಿಂಗ್ ಪುಟ ತೆರೆದು ಇಳಿಸಿದರು. ಮಧ್ಯಾಹ್ನವಿಡೀ ಮಾತ್ರೆ ಡಬ್ಬಿಗಳೊಳಗಿನ ಚೀಟಿಗಳನ್ನು ಗಟ್ಟಿಯಾಗಿ ಓದಿದರು, ಮೈಕು ಮಿಸುಕಲಿಲ್ಲ. ಏರಿಸಿದರು. ಕಾಫಿ ಆರುವುದರೊಳಗೆ ಟುಂಯ್.

ರೋಗವೇನೋ ಸಿಕ್ಕಿತು. ಆದರೆ ಅಳಿಯ ಕೊಟ್ಟ ಓಟವನ್ನು ಇಳಿಸುವುದೆಂದರೆ ಅವನು ಹೊಲಿಸಿಕೊಟ್ಟ ಕೋಟಿನ ತೋಳನ್ನು ಅವನೆದುರೇ ಕತ್ತರಿಸಿದ ಹಾಗೆ. ಬಂದಾಗಲೆಲ್ಲ ಅತ್ತೆಯ ಮಂಡಿನೋವು ವಿಚಾರಿಸುವುದಕ್ಕಿಂತ ಮೊದಲು ಪರದೆಯ ಮೇಲಿನ ವೇಗದ ಅಂಕಿ ನೋಡುವವನು ಅವನು. ಹಾಗಾಗಿ ಅನೌನ್ಸರ್ ಒಂದು ಏರ್ಪಾಟು ಮಾಡಿಕೊಂಡರು: ಅಳಿಯ ಬಂದರೆ ವೇಗ ಮೇಲೆ, ಹೋದರೆ ಕೆಳಗೆ.

ಶನಿವಾರ ಅಳಿಯ ಹೇಳದೆ ಕೇಳದೆ, "ಓದು ಕೇಳೋಕೆ ಬಂದೆ" ಎಂದು ಬಂದೇಬಿಟ್ಟ. ಕರೆಗಂಟೆ ಕೇಳಿದ್ದೇ ಅನೌನ್ಸರ್ ಅಭ್ಯಾಸಬಲದಿಂದ ವೇಗ ಏರಿಸಿಬಿಟ್ಟಿದ್ದರು. ಈಗ ಇಳಿಸುವುದು ಹೇಗೆ?

"ನಿಮ್ಮತ್ತೆಗೆ ಅಟ್ಟದ ಮೇಲಿಂದ ಪಾತ್ರೆ ಇಳಿಸ್ಕೊಡಪ್ಪ. ಮತ್ತೊಮ್ಮೆ..."

"ಅದಿರ್ಲಿ ಮಾವ, ನೀವು ಒಂದು ಲೋಟ ಬಿಸಿನೀರು ಕುಡ್ಕೊಂಡು ಬನ್ನಿ. ಗಂಟಲು ಮುಖ್ಯ."

ಅಳಿಯನ ಮಾತು ಮೀರುವುದುಂಟೇ? ಹೋದರು. ನಾಲಿಗೆ ಸುಟ್ಟುಕೊಂಡು ಓಡಿಬಂದರೆ, ಪರದೆಯ ಮೇಲೆ ಅದೇ ಸೆಟ್ಟಿಂಗ್ ಪುಟ. ಅಳಿಯ ಕಳ್ಳನ ಹಾಗೆ ಬೆಚ್ಚಿಬಿದ್ದ.

"ಏನಪ್ಪ ಮಾಡ್ತಿದೀಯ?"

"ಇಳಿಸ್ತಿದೀನಿ ಮಾವ. ನನ್ನ ಹತ್ರ ಇದ್ದಾಗ ಈ ವೇಗಕ್ಕೆ ಯುಎಸ್‌ಬಿ ಹೆಡ್‌ಫೋನು ಆಗಾಗ ಕಡಿದು ಹೋಗ್ತಿತ್ತು, ಇವತ್ತು ನಿಮ್ಮ ಮೈಕೂ ಹಾಗೆ ಮಾಡಿದ್ರೆ ಅಂತ. ನೀವೇ ಇಳಿಸಿರ್ತೀರೇನೋ ಅಂತ ಬಂದಾಗೆಲ್ಲ ನೋಡ್ತಿದ್ದೆ. ನೀವು ಅಷ್ಟು ಇಷ್ಟಪಟ್ಟು ಅದೇ ವೇಗ ಇಟ್ಕೊಂಡಿದ್ರಿ, ಹೇಳೋಕೆ ಬಾಯೇ ಬರ್ಲಿಲ್ಲ."

ಅನೌನ್ಸರ್ ಕುರ್ಚಿಯನ್ನು ಅಳಿಯನತ್ತ ತಳ್ಳಿದರು. "ಇಳಿಸು, ಇಳಿಸು" ಎಂದರು.

ಅಂದು ಮೈಕು ಎಲ್ಲವನ್ನೂ ಕೇಳಿಸಿಕೊಂಡಿತು. ಎಷ್ಟೆಂದರೆ, "ಕೊಲೆಗಾರ ಬೇರಾರೂ ಅಲ್ಲ" ಎಂದು ಅನೌನ್ಸರ್ ಗತ್ತಿನಿಂದ ನಿಲ್ಲಿಸಿದಾಗ, ಅಡುಗೆಮನೆಯಿಂದ "ಆ ಗಡಿಯಾರ ರಿಪೇರಿಯವನೇ, ನಾನು ಆವತ್ತೇ ಹೇಳಿದ್ದೆ!" ಎಂಬ ದನಿಯೂ ಸ್ಪಷ್ಟವಾಗಿ ಹೋಯಿತು.

ಮೇಡಂ ಫೋನ್ ಬಂತು. ಅನೌನ್ಸರ್ ಎರಡು ಸಲ ಹಲೋ ಎಂದರು.

"ಮುಂದಿನ ಪುಸ್ತಕಾನೂ ನೀವೇ ಓದ್ಬೇಕಂತೆ ಸಾರ್. ಆದ್ರೆ ಆ ಅಮ್ಮನೂ ಇರ್ಬೇಕಂತೆ."

ಈ ಸುದ್ದಿಯನ್ನು ಅನೌನ್ಸರ್ ಹೆಂಡತಿಗೆ ಒಂದೇ ಒಂದು ಸಲ, ಅದೂ ಮೆಲ್ಲಗೆ ಹೇಳಿದರು.

"ಏನಂದ್ರಿ? ಕೇಳಿಸ್ಲಿಲ್ಲ," ಎಂದರು ಹೆಂಡತಿ, ಸ್ಟೂಲು ಎಳೆದುಕೊಂಡು ಮೈಕಿನ ಮುಂದೆ ಕೂರುತ್ತಾ. "ಇನ್ನೊಂದ್ಸಲ ಹೇಳಿ."