ಗೌಡರ ಮೇಲಿನ ಷಡ್ಜ

ಹಾಡಲು ಬಾರದವರನ್ನು ಹಾಡಿಸುವುದರಲ್ಲಿ ಹೆಬ್ಬಾಳದಿಂದ ಯಲಹಂಕದವರೆಗೆ ನನ್ನನ್ನು ಮೀರಿಸುವವರು ಇರಲಿಲ್ಲ. ಹಾಗಂತ ಹೇಳುವವರೂ ಇರಲಿಲ್ಲ, ಅದು ಬೇರೆ ಮಾತು. ಐವತ್ತರ ದಶಕದಲ್ಲಿ ನಾನು ಊರೂರು ಅಲೆಯುವ ನಾಟಕದ ಮೇಷ್ಟ್ರು. ಸುಗ್ಗಿ ಮುಗಿದ ಮೇಲೆ ಕಾಲು ಹಾರ್ಮೋನಿಯಂ ಸಮೇತ ಒಂದು ಊರಿನಲ್ಲಿ ಇಳಿದರೆ, ಉಳುವವರಿಗೆ ಪದ ಕಲಿಸಿ, ಅವರನ್ನು ರಾಜರನ್ನಾಗಿ ಮಾಡಿ, ನಾಟಕ ಆಡಿಸಿಯೇ ಹೊರಡುವುದು. ಊಟ ದಿನಕ್ಕೊಂದು ಮನೆಯಲ್ಲಿ, ಮಲಗುವುದು ಸ್ಕೂಲಿನ ಜಗಲಿಯಲ್ಲಿ. ಊರಿನ ಎಲ್ಲ ಸಾರಿನ ರುಚಿಯೂ ಗೊತ್ತು. ಯಾವ ಮನೆಯವನೂ ಅಲ್ಲ.

ಆ ವರ್ಷ ಕೆಂಪಾಪುರದಲ್ಲಿ ರಾಜನ ಪಾತ್ರ ಊರಿನ ಗೌಡರದು. ಶತ್ರುರಾಜ ಅವರ ಹೆಂಡತಿಯ ತಮ್ಮ. ಬಾಮೈದನದು ಗಂಟೆಯಂಥ ಗಂಟಲು. ಗೌಡರ ದನಿಯೋ, ಪದದ ತುದಿಯಲ್ಲಿ ಮೇಲಿನ ಷಡ್ಜ, ಆ ಎತ್ತರದ 'ಸ', ಬಂದ ಕೂಡಲೇ ಒಡೆದುಹೋಗುತ್ತಿತ್ತು. ತಾಲೀಮಿನಲ್ಲಿ ಹಾಗಾದಾಗ ಬಾಮೈದ ಎಲ್ಲರೆದುರು, "ಭಾವ, ನಿಮ್ ಪದ ಕೇಳಿ ನಮ್ಮೆಮ್ಮೆ ಅಗ್ಗ ಕಿತ್ಕೊಂಡೋಯ್ತು!" ಅಂದ.

ಗೌಡರು ನನ್ನನ್ನು ಬಾವಿಯ ಹತ್ತಿರ ಕರೆದೊಯ್ದರು. "ಮೇಷ್ಟ್ರೇ, ನಾಟಕದ ದಿನಾನೂ ಒಡೀತು ಅಂದ್ರೆ ನಾನಿನ್ನು ಎಂಡ್ರು ಮನೆ ಒಸ್ಲು ತುಳಿಯಾಕಿಲ್ಲ."

"ಹಾಡೋದು ಗಂಟಲಲ್ಲ ಗೌಡ್ರೇ, ಹೊಟ್ಟೆ. ನಾನ್ ಹೇಳ್ದಂಗೆ ಮಾಡಿ" ಅಂದೆ. ಗಂಭೀರವಾಗಿ ಸುಳ್ಳು ಹೇಳುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

ಆ ಜಾಗ ಬಂದಾಗ ಬಲಗೈಯನ್ನು ಆಕಾಶಕ್ಕೆ ಎತ್ತಿ, ಬಾಯಿ ಪೂರ್ತಿ ತೆರೆದು, ದನಿಯನ್ನು ಹೊಟ್ಟೆಯಿಂದ ತೆಗೆಯಲು ಕಲಿಸಿದೆ. ಹಾಗೆ ತೆಗೆದರೆ ದನಿ ತಾನಾಗಿ ಕೆಳಗಿನ ಷಡ್ಜಕ್ಕೆ ಇಳಿಯುತ್ತದೆ. ಸ್ವರ ಅದೇ, ಒಂದು ಮಹಡಿ ಕೆಳಗೆ. ಮೇಲಿನದನ್ನು ನಾನು ತಿದಿ ಜೋರಾಗಿ ತುಳಿದು ಹಾರ್ಮೋನಿಯಂನಲ್ಲಿ ಹಿಡಿಯುತ್ತಿದ್ದೆ. ಗೌಡರ ಕಿವಿ ತುಂಬ ಅದೇ ಕೇಳಲೆಂದು ಪೆಟ್ಟಿಗೆಯ ದನಿ ಹೊರಡುವ ಬೆನ್ನನ್ನು ಅವರ ಕಡೆಗೇ ತಿರುಗಿಸಿಟ್ಟೆ. ನಾಲ್ಕೇ ತಾಲೀಮಿಗೆ ಅವರಿಗೆ ತಾವು ಗಂಧರ್ವರೆಂದು ಖಾತ್ರಿಯಾಯಿತು.

ನಾಟಕದ ದಿನ ಕೈ ಮೇಲೆದ್ದಿತು, ಬಾಯಿ ತೆರೆಯಿತು, ನಾನು ತುಳಿದೆ. ಎರಡು ದನಿ ಹೊಲಿಗೆ ಕಾಣದಂತೆ ಕೂಡಿಕೊಂಡವು. "ವನ್ಸ್ ಮೋರ್!" ಅಂತ ಜನ ಎದ್ದು ನಿಂತರು. ಬಾಮೈದನೇ ಬಂದು ಭಾವನ ಕೊರಳಿಗೆ ಹಾರ ಹಾಕಿದ. ನನ್ನ ಕಡೆ ಯಾರೂ ನೋಡಲಿಲ್ಲ. ನೋಡಿದ್ದರೆ ನನ್ನ ಕೆಲಸ ಕೆಟ್ಟಿತೆಂದೇ ಅರ್ಥ.

ಬೆಳಿಗ್ಗೆ ಗಾಡಿಗೆ ಪೆಟ್ಟಿಗೆ ಏರಿಸುವಾಗ ಗೌಡರು ಬಂದರು. "ತಪ್ಪು ತಿಳೀಬ್ಯಾಡಿ ಮೇಷ್ಟ್ರೇ. ನಾನು ಮೇಲಕ್ಕೋದಾಗ ನಿಮ್ ಪೆಟ್ಗೆ ವಸಿ ಜಾಸ್ತಿ ಕಿರುಚ್ತು. ನನ್ ದನಿ ಮುಚ್ಚೋಗ್ತಿತ್ತು. ಮುಂದಿನ್ ಸಲ ನೋಡ್ಕಳಿ."

"ಆಗ್ಲಿ ಗೌಡ್ರೇ" ಅಂದೆ.

ಗಾಡಿ ಸೋಲದೇವನಹಳ್ಳಿಯ ಕಡೆ ಹೊರಟಿತು. ನನ್ನ ಜೀವಮಾನದ ದೊಡ್ಡ ಕಿತಾಪತಿ ಅದು. ಹೇಳಿದರೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ಗಾಡಿ ಹೊಡೆಯುವವನು ತಿರುಗಿ ನೋಡಿ, "ಗೌಡ್ರುದು ಏನ್ ಗಂಟ್ಲು ಸಾಮಿ! ನೀವ್ ಕಲ್ಸಿದ್ದಾ?" ಅಂದ.

"ಕಲ್ಸಿದ್ರೆ ಬರುತ್ತೇನಪ್ಪಾ ಅದು? ಹುಟ್ಟಿದ ಗಂಟ್ಲು" ಅಂದೆ.

"ಅದೂ ದಿಟವೇ" ಅಂತ ಅವನು ಎತ್ತುಗಳ ಕಡೆ ತಿರುಗಿಕೊಂಡ.