ಅಣ್ಣನ ಫಸ್ಟ್ ನೇಮ್

ನಮ್ಮಣ್ಣನ ಬಲಗೈ ತೋರುಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಗೋಂದು ಅಂಟಿರುತ್ತಿತ್ತು. ಊಟಕ್ಕೆ ಕುಳಿತಾಗ ಹೆಬ್ಬೆರಳಿನಿಂದ ಅದನ್ನು ಸುಲಿಯುತ್ತಾ ಮಾತಾಡುತ್ತಿದ್ದ. ಐರ್ಲೆಂಡಿನ ಕಾರ್ಕ್ ಊರಿನ ಡಗ್ಲಸ್ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವನಿಗೆ ಲಿಟಲ್ ಐಲ್ಯಾಂಡಿನ ಔಷಧ ಕಾರ್ಖಾನೆಯಲ್ಲಿ ಕೆಲಸ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಮೈಸೂರಿನಿಂದ ಕರೆಸಿ ಒಂದು ಹೋಟೆಲಿನ ಅಡುಗೆಮನೆಗೆ ಸೇರಿಸಿದವನೂ ಅವನೇ.

ಗೋಂದು ಒಂದು ದಪ್ಪ ನೋಟ್‌ಬುಕ್ಕಿಗಾಗಿ. ನಾವು ಕ್ರೈಸ್ತರು, ಜ್ಞಾನಸ್ನಾನದಲ್ಲಿ ಅಣ್ಣನಿಗೆ ಇಟ್ಟ ಹೆಸರು ಅಮೆರಿಕದವರಲ್ಲೂ ಇರುವಂಥದ್ದು. ಪೇಪರಿನಲ್ಲಾಗಲಿ, ಹಳೆಯ ಮ್ಯಾಗಜಿನ್‌ಗಳಲ್ಲಾಗಲಿ ಆ ಹೆಸರಿನವರು ಎಲ್ಲಿ ಕಂಡರೂ ಕತ್ತರಿಸಿ ಅಂಟಿಸುತ್ತಿದ್ದ. ಒಬ್ಬ ಬೇಸ್‌ಬಾಲ್ ಆಟಗಾರ, ಮೂಗು ಮುರಿದ ಬಾಕ್ಸರ್, ಕೆನ್ನೆ ಉಬ್ಬಿಸಿ ಟ್ರಂಪೆಟ್ ಊದುವವನು, ಕಾಮಿಕ್ಸ್ ಚಿತ್ರ ಬರೆಯುವ ಕನ್ನಡಕದ ಮುದುಕ. ಎಲ್ಲರೂ ಅವನಿಗೆ ‘ನಮ್ಮೋನು’. “ನಮ್ಮೋನು ನಿನ್ನೆ ಸೋತ ಕಣೋ” ಎಂದು ಮುಖ ಸಣ್ಣದು ಮಾಡಿಕೊಂಡು ಟೀ ಕುಡಿಯುತ್ತಿದ್ದ. ಬೇಸ್‌ಬಾಲಿನ ಒಂದು ನಿಯಮವೂ ಅವನಿಗೆ ಗೊತ್ತಿರಲಿಲ್ಲ.

“ಆ ಅಮೆರಿಕದೋರಿಗೆ ನೀನ್ಯಾರು ಅಂತಾದ್ರೂ ಗೊತ್ತಾ ಅಣ್ಣ?” ಎಂದು ರೇಗಿಸುತ್ತಿದ್ದೆ.

“ಗೊತ್ತಿಲ್ದಿದ್ರೆ ಏನಾಯ್ತೋ ದಡ್ಡ? ಅವರಮ್ಮ ಬಾಗಿಲಿಗೆ ಬಂದು ಊಟಕ್ಕೆ ಕೂಗಿದ್ದೂ ಇದೇ ಹೆಸರು, ನಮ್ಮಮ್ಮ ಕೂಗಿದ್ದೂ ಇದೇ ಹೆಸರು. ಯಾರಾದ್ರೂ ಜೋರಾಗಿ ಕೂಗಿದ್ರೆ ಎಲ್ರೂ ಒಟ್ಟಿಗೆ ತಿರುಗ್ತೀವಿ.”

ಹೋದ ವರ್ಷ ಅವನಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಲ್ಲಿ ಫಾರಂ ತುಂಬಿದವನು ನಾನು. ಫಸ್ಟ್ ನೇಮ್ ಎಂದು ಕೇಳಿತ್ತು. ನಮ್ಮ ಕಡೆ ಇನಿಷಿಯಲ್ ಮೊದಲು. ಅಪ್ಪನ ಹೆಸರು ಮುಂದೆ, ನಮ್ಮದು ಆಮೇಲೆ. ಮೊದಲು ಬರುವುದೇ ಫಸ್ಟ್ ಎಂದುಕೊಂಡು ಅಪ್ಪನ ಹೆಸರು ಬರೆದೆ. ಅಣ್ಣನ ಹೆಸರು ಸರ್‌ನೇಮಿನ ಜಾಗಕ್ಕೆ ಹೋಯಿತು.

ಅಲ್ಲಿನ ನರ್ಸ್ ಒಳ್ಳೆಯ ಹೆಂಗಸು. ದಿಂಬು ಸರಿಮಾಡಿ, ಅಪ್ಪನ ಹೆಸರು ಹಿಡಿದು ಕರೆದು, “ಆರ್ ಯು ಗ್ರ್ಯಾಂಡ್?” ಎಂದು ಕೇಳುವಳು; ಆರಾಮಾಗಿದ್ದೀರಾ ಎನ್ನುವುದಕ್ಕೆ ಅಲ್ಲಿಯವರ ಮಾತು ಅದು. ಅಣ್ಣ ತಿರುಗುತ್ತಿರಲಿಲ್ಲ. ಇಂಗ್ಲಿಷ್ ಅವನ ನಾಲಿಗೆಯಿಂದ ಹೊರಟುಹೋಗಿತ್ತು. ತೊದಲು ಕನ್ನಡ ಮಾತ್ರ ಉಳಿದಿತ್ತು.

“ಅದು ಅಪ್ಪ ಕಣೋ... ನನ್ನ ಹೆಸರು ಹೇಳೋ ಅವಳಿಗೆ.”

“ಹೇಳ್ತೀನಿ ಅಣ್ಣ, ನಾಳೆ.”

ಮರುದಿನ ಮತ್ತೆ ಕೇಳಿದ. ಮತ್ತೆ ನಾಳೆ ಎಂದೆ. ಹೇಳಬೇಕಾದದ್ದು ಒಂದೇ ಮಾತು. ಆದರೆ ಹೇಳಿದರೆ, ಫಾರಂ ತುಂಬಿದ ಈ ತಮ್ಮನಿಗೆ ಫಸ್ಟ್ ನೇಮ್ ಎಂದರೇನೆಂದೂ ಗೊತ್ತಿಲ್ಲ ಎಂದು ಅವರಿಗೆಲ್ಲ ತಿಳಿದುಬಿಡುತ್ತದಲ್ಲ ಎಂಬ ನಾಚಿಕೆ. ಆ ನಾಚಿಕೆಯನ್ನು ನಾನು ಅಣ್ಣನಿಗಿಂತ ಹೆಚ್ಚು ಜೋಪಾನ ಮಾಡಿದೆ. ನಾಲ್ಕನೆಯ ದಿನ ಅವನು ಕೇಳಲಿಲ್ಲ. ಆಡುತ್ತಿದ್ದ ಒಂದೇ ಕೈಯನ್ನು ನನ್ನ ಕೈಮೇಲಿಟ್ಟು, “ಬಿಡು, ನಿಂಗೆ ಕಷ್ಟ ಆಗತ್ತೆ” ಎಂದ.

ಆರನೆಯ ದಿನ ಬೆಳಿಗ್ಗೆ ತೀರಿಕೊಂಡ. ನಾನು ತಲುಪುವಷ್ಟರಲ್ಲಿ ನರ್ಸ್ ಅವನ ತಲೆ ಬಾಚಿ ಮುಗಿಸಿದ್ದಳು. ನನ್ನ ಭುಜ ಹಿಡಿದುಕೊಂಡು ನಿಧಾನವಾಗಿ, ನನಗೆ ಅರ್ಥವಾಗುವಂಥ ಇಂಗ್ಲಿಷಿನಲ್ಲಿ ಹೇಳಿದಳು: ಅವನಿಗೆ ಒಂಟಿ ಎನಿಸಬಾರದೆಂದು ಕೊನೆಯವರೆಗೂ ಕಿವಿಯ ಹತ್ತಿರ ಹೆಸರು ಹಿಡಿದು ಕರೆಯುತ್ತಲೇ ಇದ್ದೆ ಎಂದು.

ಆಗಲಾದರೂ ಹೇಳಬಹುದಿತ್ತು.

“ಥ್ಯಾಂಕ್ಯೂ ಸಿಸ್ಟರ್” ಎಂದೆ.